ಹೊರಗಿಡುವವರನ್ನು ಆರಿಸುವ ಲೆಕ್ಕ

ಸಾಧಾರಣ ಲ್ಯಾಪ್‌ಟಾಪೊಂದರಲ್ಲಿ ಇವತ್ತು 16 ಜಿಬಿ ಮೆಮೊರಿ ಇರುತ್ತದೆ, ಅಂದರೆ ಸುಮಾರು 1,700 ಕೋಟಿ ಬೈಟ್. ಆದರೆ ಕೂಡುವ, ಕಳೆಯುವ, ಹೋಲಿಸುವ ಕೆಲಸ ನಡೆಯುವುದು ಅಲ್ಲಲ್ಲ. ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಪ್ರೊಸೆಸರುಗಳಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಬಹುಕಾಲದಿಂದ ಇರುವುದು 16 ರಿಜಿಸ್ಟರ್. ಒಂದೊಂದರಲ್ಲಿ ಹಿಡಿಸುವುದು 8 ಬೈಟ್, ಎಲ್ಲ ಸೇರಿ 128 ಬೈಟ್. ಅದರಲ್ಲೂ ಒಂದು ರಿಜಿಸ್ಟರ್ ಸ್ಟ್ಯಾಕಿನ ತುದಿ ಎಲ್ಲಿದೆ ಎಂದು ನೆನಪಿಡುವುದಕ್ಕೇ ಮೀಸಲು. ಬ್ಯಾಂಕಿನ ಬಡ್ಡಿ ಲೆಕ್ಕವಿರಲಿ, ಹವಾಮಾನದ ಮುನ್ಸೂಚನೆಯಿರಲಿ, ಮೊಬೈಲಿನಲ್ಲಿ ಮಕ್ಕಳು ಆಡುವ ಆಟವಿರಲಿ, ಎಲ್ಲದರ ಸಂಖ್ಯೆಗಳೂ ಇಂಥದೊಂದು ಇಕ್ಕಟ್ಟಿನ ಜಾಗಕ್ಕೆ ಬಂದೇ ಹೋಗಬೇಕು.

ರಿಜಿಸ್ಟರಿನಲ್ಲಿರುವ ಸಂಖ್ಯೆ ಕೇಳಿದ ತಕ್ಷಣ ಸಿಗುತ್ತದೆ. ಅದೇ ಸಂಖ್ಯೆ ಪ್ರೊಸೆಸರಿನ ಪಕ್ಕದಲ್ಲೇ ಇರುವ ಮೊದಲ ಹಂತದ ಕ್ಯಾಶ್‌ನಲ್ಲಿದ್ದರೆ ನಾಲ್ಕೈದು ಗಡಿಯಾರ ಮಿಡಿತ ಕಾಯಬೇಕು. ಮುಖ್ಯ ಮೆಮೊರಿಯವರೆಗೂ ಹೋಗಬೇಕಾಗಿ ಬಂದರೆ ಕಾಯುವುದು ನೂರಾರು ಮಿಡಿತ. ಪ್ರೋಗ್ರಾಂ ಬರೆಯುವವರು ಇದನ್ನೆಲ್ಲ ನೋಡುವುದಿಲ್ಲ. ಅವರು ‘ಬೆಲೆ’, ‘ದರ’, ‘ಒಟ್ಟು’ ಎಂದು ಬೇಕಾದಷ್ಟು ಹೆಸರುಗಳನ್ನು ಇಟ್ಟುಕೊಂಡು ಬರೆಯುತ್ತಾ ಹೋಗುತ್ತಾರೆ. ಒಂದು ಫಂಕ್ಷನ್ನಿನಲ್ಲಿ ಇಂಥ ಹೆಸರು ಐವತ್ತಿರಬಹುದು, ಪ್ರೋಗ್ರಾಮನ್ನು ಯಂತ್ರದ ಆದೇಶಗಳಿಗೆ ತಿರುಗಿಸುವ ಕಂಪೈಲರ್ ತಾನೇ ಹುಟ್ಟಿಸಿಕೊಳ್ಳುವ ಮಧ್ಯಂತರ ಮೌಲ್ಯಗಳನ್ನೂ ಸೇರಿಸಿದರೆ ಐನೂರಾಗಬಹುದು. ಐನೂರನ್ನು ಹದಿನೈದರಲ್ಲಿ ಕೂರಿಸುವ ಈ ಕೆಲಸಕ್ಕೆ ರಿಜಿಸ್ಟರ್ ಹಂಚಿಕೆ ಎನ್ನುತ್ತಾರೆ. ಆಪ್ಟಿಮೈಸೇಶನ್ ಬೇಡವೆಂದು ಹೇಳಿದಾಗ ಜಿಸಿಸಿ, ಕ್ಲ್ಯಾಂಗ್‌ನಂಥ ಕಂಪೈಲರುಗಳು ಪ್ರತಿ ವೇರಿಯಬಲ್ಲನ್ನೂ ಮೆಮೊರಿಯಲ್ಲೇ ಇಟ್ಟು, ಬೇಕಾದಾಗಲೆಲ್ಲ ತಂದು, ಕೆಲಸ ಮುಗಿದ ಕೂಡಲೇ ಮತ್ತೆ ಅಲ್ಲಿಗೇ ಬರೆಯುತ್ತವೆ. ಆಪ್ಟಿಮೈಸೇಶನ್ ಬೇಕೆಂದ ಮರುಕ್ಷಣ ಅದೇ ಪ್ರೋಗ್ರಾಂ ಹಲವು ಪಟ್ಟು ಚುರುಕಾಗುವುದಕ್ಕೆ ಒಂದು ದೊಡ್ಡ ಕಾರಣ ಈ ಹಂಚಿಕೆ.

ಒಂದು ಕಾಲದಲ್ಲಿ ಈ ಹಂಚಿಕೆಯಲ್ಲಿ ಮನುಷ್ಯನಿಗೂ ಪಾಲಿತ್ತು. ಸಿ ಭಾಷೆಯಲ್ಲಿ ವೇರಿಯಬಲ್ಲಿನ ಹಿಂದೆ ‘ರಿಜಿಸ್ಟರ್’ ಎಂದು ಬರೆದರೆ, ಇದನ್ನು ಆದಷ್ಟು ರಿಜಿಸ್ಟರಿನಲ್ಲೇ ಇಡು ಎಂದು ಕಂಪೈಲರಿಗೆ ಸೂಚಿಸಿದಂತೆ. 1970ರ ದಶಕದ ಪಿಡಿಪಿ-11 ಯಂತ್ರದಲ್ಲಿ ಒಂದು ಫಂಕ್ಷನ್ನಿನ ಮೊದಲ ಮೂರು ಸೂಚನೆಗಳಿಗಷ್ಟೇ ಬೆಲೆ ಸಿಗುತ್ತಿತ್ತು. ಕಾಲ ಕಳೆದಂತೆ ಕಂಪೈಲರುಗಳು ಈ ಕೆಲಸದಲ್ಲಿ ಮನುಷ್ಯನನ್ನು ಮೀರಿಸಿದವು, ಸೂಚನೆಯನ್ನು ಓದಿಯೂ ಓದದಂತೆ ಮುಂದೆ ಸಾಗಿದವು. 2017ರ ಸಿ++ ಮಾನಕದಲ್ಲಿ ಆ ಸೂಚನೆಯನ್ನು ಭಾಷೆಯಿಂದಲೇ ತೆಗೆದುಹಾಕಲಾಯಿತು.

ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಲು ಅಂಗಡಿಯ ಬಿಲ್ಲಿನಷ್ಟು ಚಿಕ್ಕ ಲೆಕ್ಕ ಸಾಕು. ನಾಲ್ಕು ಸಂಖ್ಯೆಗಳು ಹೊರಗಿನಿಂದ ಬರುತ್ತವೆ: ಬೆಲೆ, ಪ್ರಮಾಣ, ದರ, ರಿಯಾಯಿತಿ. ಬೆಲೆಯನ್ನು ಪ್ರಮಾಣದಿಂದ ಗುಣಿಸಿದರೆ ಮೊತ್ತ. ಮೊತ್ತವನ್ನು ದರದಿಂದ ಗುಣಿಸಿದರೆ ತೆರಿಗೆ. ಮೊತ್ತಕ್ಕೆ ತೆರಿಗೆ ಸೇರಿಸಿದರೆ ಒಟ್ಟು. ಒಟ್ಟಿನಿಂದ ರಿಯಾಯಿತಿ ಕಳೆದರೆ ಪಾವತಿ. ನಾಲ್ಕು ಸಾಲು, ಎಂಟು ಹೆಸರು. ಎಂಟು ರಿಜಿಸ್ಟರ್ ಬೇಕೇ?

ಕಂಪೈಲರ್ ಈ ನಾಲ್ಕು ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತದೆ. ಕೊನೆಯಲ್ಲಿ ಬೇಕಿರುವುದು ಪಾವತಿಯೊಂದೇ. ನಾಲ್ಕನೆಯ ಸಾಲಿಗೆ ಮೊದಲು ಒಟ್ಟು ಮತ್ತು ರಿಯಾಯಿತಿ ಬದುಕಿರಬೇಕು. ಮೂರನೆಯದಕ್ಕೆ ಮೊದಲು ಮೊತ್ತ, ತೆರಿಗೆ ಮತ್ತು ಮುಂದೆ ಬೇಕಾಗುವ ರಿಯಾಯಿತಿ. ಎರಡನೆಯದಕ್ಕೆ ಮೊದಲು ಮೊತ್ತ, ದರ, ರಿಯಾಯಿತಿ. ಮೊದಲ ಸಾಲಿಗೆ ಮುಂಚೆ ಬೆಲೆ, ಪ್ರಮಾಣ, ದರ, ರಿಯಾಯಿತಿ. ಯಾವ ಘಳಿಗೆಯಲ್ಲಿ ನೋಡಿದರೂ ಬದುಕಿರುವವು ನಾಲ್ಕಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಎಂಟು ಹೆಸರಿಗೆ ನಾಲ್ಕು ರಿಜಿಸ್ಟರ್ ಸಾಕು. ಬೆಲೆ ಕೂತಿದ್ದ ಜಾಗದಲ್ಲೇ ಮೊತ್ತ ಬಂದು ಕೂರುತ್ತದೆ, ದರದ ಜಾಗದಲ್ಲಿ ತೆರಿಗೆ ಕೂರುತ್ತದೆ. ಮೌಲ್ಯವೊಂದು ಹುಟ್ಟಿದ ಸಾಲಿನಿಂದ ಕೊನೆಯ ಬಾರಿ ಬಳಕೆಯಾಗುವ ಸಾಲಿನವರೆಗಿನದು ಅದರ ಆಯುಷ್ಯ. ಆಯುಷ್ಯ ಮುಗಿದ ಮೇಲೆ ಅದಕ್ಕೆ ಜಾಗ ಕೊಟ್ಟುಕೊಂಡು ಕೂರುವ ಅಗತ್ಯವಿಲ್ಲ.

ಡೀಬಗರ್ ಬಳಸಿದವರಿಗೆ ಇದರ ಇನ್ನೊಂದು ಮುಖ ಪರಿಚಯವಿರುತ್ತದೆ. ಚುರುಕುಗೊಳಿಸಿದ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಂದು ವೇರಿಯಬಲ್ಲಿನ ಮೌಲ್ಯ ಕೇಳಿದರೆ ‘ಆಪ್ಟಿಮೈಸ್ಡ್ ಔಟ್’ ಎಂಬ ಉತ್ತರ ಬರುತ್ತದೆ. ಹೊಸಬರು ಡೀಬಗರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಡೀಬಗರ್ ಎಷ್ಟೋ ಸಲ ಹೇಳುತ್ತಿರುವುದು ಇಷ್ಟೇ: ಈ ಹೆಸರಿನ ಕೊನೆಯ ಬಳಕೆ ಎರಡು ಸಾಲು ಹಿಂದೆಯೇ ಮುಗಿದಿದೆ, ಅದರ ಜಾಗದಲ್ಲಿ ಈಗ ಬೇರೆ ಯಾವುದೋ ಮೌಲ್ಯವಿದೆ. ನಮ್ಮ ಕಣ್ಣಿಗೆ ಹೆಸರು ಪುಟದ ಮೇಲೆ ಇನ್ನೂ ಕಾಣುತ್ತಿರುತ್ತದೆ. ಪ್ರೊಸೆಸರಿನ ಮಟ್ಟಿಗೆ ಅದು ಇಲ್ಲ.

ಈಗ ಅದೇ ಬಿಲ್ಲಿಗೆ ಮೂರೇ ರಿಜಿಸ್ಟರ್ ಇವೆ ಎಂದುಕೊಳ್ಳಿ. ಆರಂಭದಲ್ಲಿ ನಾಲ್ಕು ಮೌಲ್ಯಗಳಿವೆ, ಒಂದು ಹೊರಗುಳಿಯಲೇಬೇಕು. ಯಾವುದು? ಬೆಲೆ, ಪ್ರಮಾಣ ಮೊದಲ ಸಾಲಿಗೇ ಬೇಕು. ದರ ಎರಡನೆಯ ಸಾಲಿಗೆ ಬೇಕು. ರಿಯಾಯಿತಿಯ ಸರದಿ ಬರುವುದು ನಾಲ್ಕನೆಯ ಸಾಲಿನಲ್ಲಿ. ಅದನ್ನು ಮೆಮೊರಿಯಲ್ಲಿಟ್ಟರೆ ಮುಂದಿನ ಮೂರು ಸಾಲುಗಳಿಗೆ ಅಡ್ಡಿಯಿಲ್ಲ; ನಾಲ್ಕನೆಯ ಸಾಲಿನ ಹೊತ್ತಿಗೆ ರಿಜಿಸ್ಟರ್ ಖಾಲಿಯಾಗಿರುತ್ತದೆ, ಆಗ ತಂದರಾಯಿತು. ಹೀಗೆ ಮೌಲ್ಯವನ್ನು ಮೆಮೊರಿಗೆ ಕಳಿಸುವುದಕ್ಕೆ ಈ ಕ್ಷೇತ್ರದವರು ‘ಸ್ಪಿಲ್’ ಎನ್ನುತ್ತಾರೆ. ರಿಜಿಸ್ಟರ್ ಹಂಚಿಕೆಯ ವಿಚಾರದಲ್ಲಿ ಯಾರನ್ನು ಒಳಗೆ ಕೂರಿಸಬೇಕು ಎಂಬುದರ ಬಗ್ಗೆಯೇ ಪಾಠಗಳು ಹೆಚ್ಚು ಮಾತಾಡುತ್ತವೆ. ಯಾರನ್ನು ಹೊರಗೆ ಕಳಿಸಬೇಕು ಎಂಬುದೇ ಇದರ ಅಸಲು ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಅರುವತ್ತೈದು ವರ್ಷಕ್ಕೂ ಮೀರಿದ ಇದರ ಇತಿಹಾಸವೂ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತಿದೆ.

ಆ ಇತಿಹಾಸ ಶುರುವಾಗುವುದು ಫೋರ್ಟ್ರಾನ್‌ನಿಂದ. ಜಾನ್ ಬ್ಯಾಕಸ್ ನೇತೃತ್ವದ ಐಬಿಎಂ ತಂಡ 1957ರಲ್ಲಿ ಐಬಿಎಂ 704 ಯಂತ್ರಕ್ಕೆ ಫೋರ್ಟ್ರಾನ್ ಕಂಪೈಲರನ್ನು ಬಿಡುಗಡೆ ಮಾಡಿತು. ಆ ಯಂತ್ರದಲ್ಲಿದ್ದ ಇಂಡೆಕ್ಸ್ ರಿಜಿಸ್ಟರುಗಳು ಮೂರೇ ಮೂರು. ಪಟ್ಟಿಗಳ ಮೇಲೆ, ಕೋಷ್ಟಕಗಳ ಮೇಲೆ ಓಡಾಡುವ ಪ್ರತಿಯೊಂದು ಲೂಪಿಗೂ ಅವು ಬೇಕು. ಕೈಯಲ್ಲಿ ಬರೆದ ಮೆಷಿನ್ ಕೋಡಿಗೆ ಸಮಾನವಾದ ವೇಗ ಸಿಗದಿದ್ದರೆ ಯಾರೂ ಈ ಭಾಷೆಯನ್ನು ಮುಟ್ಟುವುದಿಲ್ಲ ಎಂಬ ಅಂಜಿಕೆ ಬ್ಯಾಕಸ್‌ಗೆ ಇತ್ತು. ಹೀಗಾಗಿ ಆ ಮೂರು ರಿಜಿಸ್ಟರುಗಳ ಹಂಚಿಕೆಗೆಂದೇ ಕಂಪೈಲರಿನಲ್ಲಿ ದೊಡ್ಡ ಭಾಗವೊಂದನ್ನು ಮೀಸಲಿಟ್ಟರು. ಎಂಐಟಿಯಿಂದ ಎರವಲಾಗಿ ಬಂದಿದ್ದ ಶೆಲ್ಡನ್ ಬೆಸ್ಟ್ ಅದನ್ನು ಬರೆದರು. ಜಾಗ ಸಾಲದಾದಾಗ ಬೆಸ್ಟ್ ಅನುಸರಿಸಿದ ಸೂತ್ರ ನಮ್ಮ ಬಿಲ್ಲಿನಲ್ಲಿ ಕಂಡದ್ದೇ: ಮುಂದಿನ ಬಳಕೆ ಯಾವುದಕ್ಕೆ ಎಲ್ಲಕ್ಕಿಂತ ದೂರದಲ್ಲಿದೆಯೋ ಅದನ್ನು ಹೊರಗೆ ಕಳಿಸು.

ಸುಮಾರು ಒಂದು ದಶಕದ ನಂತರ, 1966ರಲ್ಲಿ, ಐಬಿಎಂನ ಲಾಸ್ಲೋ ಬೆಲಾಡಿ ಮೆಮೊರಿ ಪುಟಗಳನ್ನು ಬದಲಿಸುವ ಸಮಸ್ಯೆಯಲ್ಲಿ ಇದೇ ಸೂತ್ರವನ್ನು ಪ್ರತಿಪಾದಿಸಿದರು. ಆಪರೇಟಿಂಗ್ ಸಿಸ್ಟಂ ಓದುವ ವಿದ್ಯಾರ್ಥಿಗಳೆಲ್ಲ ಅದನ್ನು ಆದರ್ಶ ವಿಧಾನ ಎಂದು ಕಲಿಯುತ್ತಾರೆ, ಜೊತೆಗೇ ಭವಿಷ್ಯ ಗೊತ್ತಿಲ್ಲದ್ದರಿಂದ ಅದನ್ನು ಜಾರಿಗೆ ತರಲಾಗದು ಎಂದೂ ಕಲಿಯುತ್ತಾರೆ. ಕಂಪೈಲರಿಗೆ ಈ ತೊಡಕು ಅರ್ಧಕ್ಕರ್ಧ ಇಲ್ಲ. ಕವಲುಗಳಿಲ್ಲದ ನೇರ ಕೋಡಿನಲ್ಲಿ ಮುಂದೆ ಏನಾಗುತ್ತದೆ ಎಂಬುದು ಅದರ ಕಣ್ಣೆದುರೇ ಬರೆದಿಟ್ಟಿರುತ್ತದೆ. ಯಂತ್ರವೊಂದು ಭವಿಷ್ಯವನ್ನು ಓದಿ ತೀರ್ಮಾನ ಮಾಡಬಲ್ಲ ಅಪರೂಪದ ಸಂದರ್ಭವಿದು, ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೂ ಇದೇ.

ಕವಲು ಬಂದಾಗ ಭವಿಷ್ಯ ಎರಡಾಗುತ್ತದೆ. ಯಾವ ದಾರಿಯಲ್ಲಿ ಪ್ರೋಗ್ರಾಂ ಹೆಚ್ಚು ಸಲ ಹೋಗುತ್ತದೆ ಎಂಬುದು ಗೊತ್ತಾಗದೆ ತೀರ್ಮಾನ ಸಾಧ್ಯವಿಲ್ಲ. ಫೋರ್ಟ್ರಾನ್ ತಂಡದ ಲೋಯಿಸ್ ಹೈಬ್ಟ್ ಅದಕ್ಕೊಂದು ಉಪಾಯ ಮಾಡಿದರು. ವಾಸರ್ ಕಾಲೇಜಿನಿಂದ ನೇರವಾಗಿ ಐಬಿಎಂಗೆ ಬಂದಿದ್ದ ಇಪ್ಪತ್ತರ ಹರೆಯದ ತರುಣಿ ಅವರು. ಕಂಪೈಲ್ ಮಾಡುವ ಹೊತ್ತಿನಲ್ಲೇ, ಪ್ರತಿ ಕವಲಿನಲ್ಲೂ ಯಾದೃಚ್ಛಿಕ ಸಂಖ್ಯೆಯ ನೆರವಿನಿಂದ ಒಂದು ದಾರಿ ಹಿಡಿದು, ಪ್ರೋಗ್ರಾಮನ್ನು ಮನಸ್ಸಿನಲ್ಲೇ ಓಡಿಸಿದ ಹಾಗೆ ಮಾಡಿ, ಯಾವ ಭಾಗ ಎಷ್ಟು ಸಲ ನಡೆಯುತ್ತದೆ ಎಂದು ಅವರು ಬರೆದ ಭಾಗ ಅಂದಾಜಿಸುತ್ತಿತ್ತು. ಆ ಅಂದಾಜನ್ನು ಹಿಡಿದು ಬೆಸ್ಟ್ ಅವರ ಭಾಗ ರಿಜಿಸ್ಟರ್ ಹಂಚುತ್ತಿತ್ತು. ಪ್ರೋಗ್ರಾಂ ಬರೆಯುವವರೇ ಕವಲಿನ ಸಂಭವವನ್ನು ತಿಳಿಸಲೆಂದು ‘ಫ್ರೀಕ್ವೆನ್ಸಿ’ ಎಂಬ ಹೇಳಿಕೆಯೂ ಭಾಷೆಯಲ್ಲಿತ್ತು. ಇವತ್ತು ಪ್ರೋಗ್ರಾಮನ್ನು ಒಮ್ಮೆ ಓಡಿಸಿ, ಅಂಕಿ ಅಂಶ ಸಂಗ್ರಹಿಸಿ, ಅದರ ಆಧಾರದಲ್ಲಿ ಮತ್ತೆ ಕಂಪೈಲ್ ಮಾಡುವ ಪದ್ಧತಿ ದೊಡ್ಡ ಕಂಪನಿಗಳಲ್ಲಿ ಬಳಕೆಯಲ್ಲಿದೆ. ಅದರ ಬೇರು ಇಲ್ಲಿದೆ.

ಇಡೀ ಫಂಕ್ಷನ್ನಿಗೆ ಒಟ್ಟಾಗಿ ರಿಜಿಸ್ಟರ್ ಹಂಚುವ ದಾರಿ ಸಿಕ್ಕಿದ್ದು ನಕ್ಷೆಗೆ ಬಣ್ಣ ಹಚ್ಚುವ ಗಣಿತದಿಂದ. ಊರಿನ ಕಲ್ಯಾಣಮಂಟಪದ ಲೆಕ್ಕ ಎಲ್ಲರಿಗೂ ಗೊತ್ತು: ಒಂದೇ ಮುಹೂರ್ತದ ಎರಡು ಮದುವೆಗಳಿಗೆ ಒಂದೇ ಮಂಟಪ ಆಗದು, ತಿಂಗಳ ಅಂತರವಿರುವ ಎರಡು ಮದುವೆಗಳಿಗೆ ಧಾರಾಳವಾಗಿ ಆಗುತ್ತದೆ. ಮೌಲ್ಯಗಳ ಕಥೆಯೂ ಅದೇ. ಎರಡರ ಆಯುಷ್ಯ ಒಂದರ ಮೇಲೊಂದು ಬಿದ್ದರೆ ಅವಕ್ಕೆ ಬೇರೆ ಬೇರೆ ರಿಜಿಸ್ಟರ್ ಬೇಕು. ಪ್ರತಿ ಮೌಲ್ಯಕ್ಕೂ ಒಂದು ಬಿಂದು ಇಟ್ಟು, ಪರಸ್ಪರ ಘರ್ಷಿಸುವ ಬಿಂದುಗಳ ನಡುವೆ ಗೆರೆ ಎಳೆಯಿರಿ; ಇಂಥ ಚಿತ್ರಕ್ಕೆ ಗ್ರಾಫ್ ಎನ್ನುತ್ತಾರೆ. ಗೆರೆಯ ಎರಡು ತುದಿಗೆ ಒಂದೇ ಬಣ್ಣ ಬರದಂತೆ ಬಣ್ಣ ಹಚ್ಚಿ. ರಿಜಿಸ್ಟರ್ ಎಷ್ಟಿವೆಯೋ ಅಷ್ಟು ಬಣ್ಣದಲ್ಲಿ ಕೆಲಸ ಮುಗಿದರೆ ಹಂಚಿಕೆ ಮುಗಿದಂತೆ.

ಮೆಮೊರಿ ಹಂಚಿಕೆಗೆ ಈ ಯೋಚನೆಯನ್ನು ಸೋವಿಯತ್ ಒಕ್ಕೂಟದಲ್ಲಿ ಆಂದ್ರೇ ಎರ್ಷೋವ್ 1960ರ ದಶಕದಲ್ಲೇ ಬಳಸಿದ್ದರು. ರಿಜಿಸ್ಟರುಗಳಿಗೆ ಅದನ್ನು ಕೆಲಸ ಮಾಡುವ ಕಂಪೈಲರಿನಲ್ಲಿ ತೋರಿಸಿಕೊಟ್ಟದ್ದು ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನ ಐಬಿಎಂ ಪ್ರಯೋಗಾಲಯದಲ್ಲಿದ್ದ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು. 1981ರ ಅವರ ಪ್ರಬಂಧದ ಲೇಖಕರಲ್ಲಿ ಐಐಟಿ ಕಾನ್ಪುರದಲ್ಲಿ ಓದಿದ ಅಶೋಕ್ ಚಂದ್ರ ಇದ್ದಾರೆ; ಸರಳ ಆದೇಶಗಳ ಪ್ರೊಸೆಸರ್ ಎಂಬ ಕಲ್ಪನೆಗೆ ರೂಪ ಕೊಟ್ಟ ಜಾನ್ ಕಾಕ್ ಇದ್ದಾರೆ. ಕಾಕ್ ಅವರ 801 ಯಂತ್ರಕ್ಕಾಗಿ ತಯಾರಾಗುತ್ತಿದ್ದ ಕಂಪೈಲರಿನಲ್ಲೇ ಈ ವಿಧಾನ ಪಳಗಿತು. ಚೈಟಿನ್ ಅವರನ್ನು ಗಣಿತಜ್ಞರು ನೆನೆಯುವುದು ಬೇರೆ ಕಾರಣಕ್ಕೆ, ಯಾವ ಕಂಪ್ಯೂಟರೂ ಪೂರ್ತಿಯಾಗಿ ಲೆಕ್ಕ ಹಾಕಲಾರದ ‘ಒಮೆಗಾ’ ಸಂಖ್ಯೆಗೆ. ಲೆಕ್ಕದ ಎಲ್ಲೆ ಎಲ್ಲಿದೆ ಎಂದು ಹುಡುಕುತ್ತಿದ್ದ ಅದೇ ಮನುಷ್ಯ ದಿನನಿತ್ಯದ ಲೆಕ್ಕವನ್ನು ವೇಗಗೊಳಿಸುವ ಕೆಲಸಕ್ಕೂ ಕೈ ಹಾಕಿದ್ದರು.

ಬಣ್ಣ ಹಚ್ಚುವುದು ಸುಲಭವಲ್ಲ. ಕೊಟ್ಟ ಗ್ರಾಫಿಗೆ ಕನಿಷ್ಠ ಎಷ್ಟು ಬಣ್ಣ ಬೇಕು ಎಂಬುದು 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಒಂದು. ಈ ಗುಂಪಿನ ಯಾವ ಸಮಸ್ಯೆಗೂ ಇವತ್ತಿನವರೆಗೆ ಯಾರಿಗೂ ವೇಗದ ದಾರಿ ಸಿಕ್ಕಿಲ್ಲ. ಇದೇ ಕಾರ್ಪ್ 1966ರಲ್ಲಿ ಮೂವರು ಸಹೋದ್ಯೋಗಿಗಳೊಡನೆ ಇಂಡೆಕ್ಸ್ ರಿಜಿಸ್ಟರ್ ಹಂಚಿಕೆಯ ಬಗ್ಗೆ ಪ್ರಬಂಧ ಬರೆದವರು ಎಂಬುದನ್ನು ಇಲ್ಲಿ ನೆನೆಯಬೇಕು. ನೀವು ಯಾವ ಗ್ರಾಫ್ ಕೊಟ್ಟರೂ ಅದೇ ಗ್ರಾಫನ್ನು ಹುಟ್ಟಿಸುವ ಪ್ರೋಗ್ರಾಂ ಬರೆಯಬಹುದು ಎಂದು ಚೈಟಿನ್ ತಂಡ ತೋರಿಸಿತು. ಅಂದರೆ ಕಠಿಣತೆಯಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲಿ ಇಲ್ಲ. ಇಷ್ಟು ಗೊತ್ತಿದ್ದೂ ಅವರು ಕೈಚೆಲ್ಲಲಿಲ್ಲ. ನೂರು ವರ್ಷ ಹಿಂದಿನ ಒಂದು ಉಪಾಯ ಕೈಗೆ ಬಂತು.

1879ರಲ್ಲಿ ಆಲ್ಫ್ರೆಡ್ ಕೆಂಪೆ ಎಂಬ ಲಂಡನ್ನಿನ ವಕೀಲರು, ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕು ಎಂದು ಸಾಧಿಸಿದೆನೆಂದು ಪ್ರಬಂಧ ಪ್ರಕಟಿಸಿದರು. ಹನ್ನೊಂದು ವರ್ಷ ಎಲ್ಲರೂ ಅದನ್ನು ನಂಬಿದರು. 1890ರಲ್ಲಿ ಪರ್ಸಿ ಹೀವುಡ್ ಅದರಲ್ಲಿ ದೋಷ ಹುಡುಕಿದರು. ಸರಿಯಾದ ಸಾಧನೆಗೆ 1976ರವರೆಗೆ, ಅದೂ ಕಂಪ್ಯೂಟರಿನ ನೆರವಿಗಾಗಿ, ಕಾಯಬೇಕಾಯಿತು. ಸಾಧನೆ ಬಿದ್ದುಹೋದರೂ ಕೆಂಪೆಯ ಒಂದು ಹೆಜ್ಜೆ ಗಟ್ಟಿಯಾಗಿತ್ತು. ನಿಮ್ಮಲ್ಲಿ ಆರು ಬಣ್ಣಗಳಿವೆ, ಒಂದು ಬಿಂದುವಿಗೆ ಐದೇ ನೆರೆಯವರು. ಆ ಬಿಂದುವನ್ನು ಸದ್ಯಕ್ಕೆ ಚಿತ್ರದಿಂದ ತೆಗೆದಿಡಿ. ಉಳಿದದ್ದಕ್ಕೆ ಬಣ್ಣ ಹಚ್ಚಿದ ಮೇಲೆ ವಾಪಸು ತನ್ನಿ. ಐದು ನೆರೆಯವರು ಐದು ಬಣ್ಣ ಬಳಸಿದ್ದರೂ ಆರನೆಯದು ಉಳಿದೇ ಇರುತ್ತದೆ. ಒಂದನ್ನು ತೆಗೆದಾಗ ಅದರ ನೆರೆಯವರಿಗೂ ಗೆರೆಗಳು ಕಡಿಮೆಯಾಗುತ್ತವೆ, ಆಗ ಅವರನ್ನೂ ತೆಗೆಯಬಹುದು. ಹೀಗೆ ಒಂದೊಂದಾಗಿ ತೆಗೆದು ರಾಶಿ ಹಾಕಿ, ಕೊನೆಗೆ ತೆಗೆದದ್ದನ್ನು ಮೊದಲು ಎಂಬಂತೆ ಹಿಂತಿರುಗಿ ಇಡುತ್ತಾ ಬಣ್ಣ ಹಚ್ಚುವುದು ಚೈಟಿನ್ ವಿಧಾನದ ತಿರುಳು. ಗಣಿತದಲ್ಲಿ ಸೋತ ಒಂದು ಸಾಧನೆಯ ತುಂಡು ಹೀಗೆ ಕಂಪೈಲರಿನೊಳಗೆ ದುಡಿಯತೊಡಗಿತು. ಕೈಯಲ್ಲಿ ಬರೆದ ಅಸೆಂಬ್ಲಿಯ ಮಟ್ಟಕ್ಕೆ ಹತ್ತಿರವಾದ ಹಂಚಿಕೆ ಸಾಧ್ಯವೆಂದು ಮೊದಲ ಪ್ರಯೋಗಗಳಲ್ಲೇ ಆ ತಂಡಕ್ಕೆ ಕಂಡಿತು.

ತೆಗೆಯಲು ಸುಲಭದ ಬಿಂದುಗಳೇ ಉಳಿಯದಿದ್ದರೆ? ಆಗ ಒಂದು ಮೌಲ್ಯವನ್ನು ಮೆಮೊರಿಗೆ ಕಳಿಸಬೇಕು. ಯಾವುದನ್ನು ಎಂದು ನಿರ್ಧರಿಸಲು ಚೈಟಿನ್ ಪ್ರತಿ ಮೌಲ್ಯಕ್ಕೂ ಒಂದು ಬೆಲೆ ಕಟ್ಟಿದರು. ಮೌಲ್ಯ ಬಳಕೆಯಾಗುವ ಪ್ರತಿ ಸ್ಥಳಕ್ಕೂ ಒಂದು ಅಂಕ. ಆ ಸ್ಥಳ ಲೂಪಿನ ಒಳಗಿದ್ದರೆ ಹತ್ತು, ಲೂಪಿನೊಳಗಿನ ಲೂಪಿನಲ್ಲಿದ್ದರೆ ನೂರು. ಹೀಗೆ ಬಂದ ಮೊತ್ತವನ್ನು ಆ ಬಿಂದುವಿನ ನೆರೆಯವರ ಸಂಖ್ಯೆಯಿಂದ ಭಾಗಿಸುವುದು. ಕಡಿಮೆ ಬಳಕೆಯಾಗುವ, ಆದರೆ ಬಹಳ ಜನಕ್ಕೆ ಅಡ್ಡವಾಗಿರುವ ಮೌಲ್ಯವೇ ಮೊದಲು ಹೊರಗೆ. ಒಂದು ಲೂಪು ಸರಾಸರಿ ಹತ್ತು ಸಲ ತಿರುಗುತ್ತದೆ ಎಂಬ ಒರಟು ಊಹೆ ಇದರ ಹಿಂದಿದೆ. ನಿಜದ ಲೂಪು ಎರಡು ಸಲವೂ ತಿರುಗಬಹುದು, ಎರಡು ಕೋಟಿ ಸಲವೂ ತಿರುಗಬಹುದು. ಆದರೂ ಈ ಅಂದಾಜು ಬಹುಮಟ್ಟಿಗೆ ಕೆಲಸ ಮಾಡಿತು, ಏಕೆಂದರೆ ಒಳಲೂಪಿನದನ್ನು ಬಿಟ್ಟು ಹೊರಗಿನದನ್ನು ಹೊರದಬ್ಬು ಎಂಬ ವಿವೇಕ ಅದರಲ್ಲಿದೆ. ಕೆಲವು ಮೌಲ್ಯಗಳನ್ನು ಮೆಮೊರಿಗೆ ಬರೆದು ಓದುವುದಕ್ಕಿಂತ ಬೇಕಾದಾಗ ಮತ್ತೆ ಹುಟ್ಟಿಸುವುದೇ ಅಗ್ಗ. 100 ಎಂಬ ಸ್ಥಿರಾಂಕವನ್ನು ಬಚ್ಚಿಟ್ಟುಕೊಂಡು ಏನು ಮಾಡುವುದು?

ಚೈಟಿನ್ ವಿಧಾನದ ಒಂದು ಕುಂದನ್ನು ಹೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಪ್ರೆಸ್ಟನ್ ಬ್ರಿಗ್ಸ್, ಕೀತ್ ಕೂಪರ್, ಕೆನ್ ಕೆನಡಿ, ಲಿಂಡಾ ಟೋರ್ಜನ್ 1989ರಲ್ಲಿ ಸರಿಪಡಿಸಿದರು. ಮ್ಯಾಟ್ರಿಕ್ಸ್ ಲೆಕ್ಕದ ಒಂದು ಪ್ರಸಿದ್ಧ ಫೋರ್ಟ್ರಾನ್ ರೂಟೀನಿನಲ್ಲಿ ಅವರಿಗೆ ವಿಚಿತ್ರ ಕಂಡಿತು: ಪುಟ್ಟ ಲೂಪೊಂದರ ಎಣಿಕೆಗಳನ್ನು ಹಂಚಿಕೆದಾರ ಮೆಮೊರಿಗೆ ಕಳಿಸಿದೆ, ಆದರೆ ಅದೇ ಜಾಗದಲ್ಲಿ ರಿಜಿಸ್ಟರುಗಳು ಖಾಲಿ ಕೂತಿವೆ. ಕಾರಣ ತಿಳಿಯಲು ನಾಲ್ಕು ಬಿಂದುಗಳ ಒಂದು ಚೌಕ ಸಾಕು. ಮೂಲೆಗಳಲ್ಲಿ ಬಿಂದುಗಳು, ಬದಿಗಳಲ್ಲಿ ಗೆರೆಗಳು, ಕೈಯಲ್ಲಿ ಎರಡೇ ಬಣ್ಣ. ಪ್ರತಿ ಮೂಲೆಗೂ ಇಬ್ಬರು ನೆರೆಯವರು. ಎರಡು ಬಣ್ಣಕ್ಕೆ ಇಬ್ಬರು ನೆರೆಯವರೆಂದರೆ ಸುರಕ್ಷಿತವಲ್ಲ, ಒಂದನ್ನು ಹೊರಗೆ ಹಾಕು ಎಂದು ಚೈಟಿನ್ ವಿಧಾನ ಆಗಲೇ ತೀರ್ಪು ಕೊಟ್ಟುಬಿಡುತ್ತದೆ. ಬ್ರಿಗ್ಸ್ ತಂಡ ಹೇಳಿದ್ದು: ತೀರ್ಪು ಈಗಲೇ ಬೇಡ. ಅನುಮಾನದ ಬಿಂದುವನ್ನೂ ರಾಶಿಗೆ ಹಾಕಿ, ಹಿಂತಿರುಗಿ ಬಣ್ಣ ಹಚ್ಚುವಾಗ ನೋಡೋಣ. ಹಾಗೆ ಮಾಡಿದರೆ ಆ ಬಿಂದುವಿನ ಸರದಿ ಬರುವ ಹೊತ್ತಿಗೆ ಅದರ ಇಬ್ಬರು ನೆರೆಯವರೂ, ಪರಸ್ಪರ ಗೆರೆಯಿಲ್ಲದ ಎದುರುಬದುರು ಮೂಲೆಗಳಾದ್ದರಿಂದ, ಒಂದೇ ಬಣ್ಣ ತೊಟ್ಟಿರುತ್ತಾರೆ. ಇನ್ನೊಂದು ಬಣ್ಣ ಹಾಗೇ ಉಳಿದಿದೆ. ಬದಲಾದದ್ದು ತೀರ್ಪು ಕೊಡುವ ಸಮಯ ಮಾತ್ರ, ಅಷ್ಟರಿಂದಲೇ ಬೇಡದ ಸ್ಪಿಲ್‌ಗಳು ಗಣನೀಯವಾಗಿ ತಗ್ಗಿದವು.

ಗ್ರಾಫ್ ಕಟ್ಟುವುದಕ್ಕೇ ಸಮಯ ಬೇಕು. ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡ್ ತಯಾರಿಸುವ ಜಾವಾ, ಜಾವಾಸ್ಕ್ರಿಪ್ಟ್ ವ್ಯವಸ್ಥೆಗಳಿಗೆ ಅಷ್ಟು ವ್ಯವಧಾನವಿಲ್ಲ. ಬಳಕೆದಾರ ಪುಟ ತೆರೆಯಲೆಂದು ಕಾಯುತ್ತಿರುತ್ತಾನೆ. ಮ್ಯಾಸಿಮಿಲಿಯಾನೋ ಪೊಲೆಟ್ಟೊ ಮತ್ತು ವಿವೇಕ್ ಸರ್ಕಾರ್ 1999ರಲ್ಲಿ ವಿವರಿಸಿದ ‘ಲೀನಿಯರ್ ಸ್ಕ್ಯಾನ್’ ವಿಧಾನದಲ್ಲಿ ಗ್ರಾಫೇ ಇಲ್ಲ. ಪ್ರತಿ ಮೌಲ್ಯದ ಆಯುಷ್ಯವನ್ನು ಒಂದು ನೇರ ಗೆರೆಯಾಗಿ ಹಾಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಸಾಗುವುದು. ಜಾಗ ಸಾಲದಾದಾಗ ಯಾರ ಆಯುಷ್ಯ ಎಲ್ಲರಿಗಿಂತ ತಡವಾಗಿ ಮುಗಿಯುತ್ತದೋ ಅದನ್ನು ಹೊರಗಿಡುವುದು. ಬೆಸ್ಟ್ ಅವರ ಸೂತ್ರಕ್ಕೆ ಹತ್ತಿರದ ಸಂಬಂಧಿ ಇದು. ಕೋಡಿನ ಗುಣಮಟ್ಟ ಬಣ್ಣದ ವಿಧಾನಕ್ಕಿಂತ ಕೊಂಚ ಹಿಂದೆ, ಕಂಪೈಲ್ ವೇಗದಲ್ಲಿ ಬಹಳ ಮುಂದೆ. ಇದರ ವಂಶದ ವಿಧಾನಗಳು ಇಂದು ಬ್ರೌಸರುಗಳಲ್ಲೂ ಆಂಡ್ರಾಯ್ಡ್ ಫೋನುಗಳಲ್ಲೂ ಇವೆ. ಎಲ್‌ಎಲ್‌ವಿಎಂ ಕಂಪೈಲರ್ ಕೂಡ 2011ರವರೆಗೆ ಈ ದಾರಿಯನ್ನೇ ಹಿಡಿದಿತ್ತು. ಆಮೇಲೆ ಯಾಕೋಬ್ ಸ್ಟಾಕ್‌ಲುಂಡ್ ಓಲೆಸನ್ ಬರೆದ ‘ಗ್ರೀಡಿ’ ಹಂಚಿಕೆದಾರ ಅದರ ಜಾಗಕ್ಕೆ ಬಂತು. ಅದರ ಹೆಚ್ಚುಗಾರಿಕೆ ಇರುವುದು ಆಯುಷ್ಯವನ್ನು ಕತ್ತರಿಸುವುದರಲ್ಲಿ: ಒಂದು ಮೌಲ್ಯ ಇಡೀ ಅವಧಿ ರಿಜಿಸ್ಟರಿನಲ್ಲಿರಬೇಕು ಅಥವಾ ಇಡೀ ಅವಧಿ ಮೆಮೊರಿಯಲ್ಲಿರಬೇಕು ಎಂಬ ಹಟವಿಲ್ಲದೆ, ಬಿಸಿಯಾದ ಲೂಪಿನಲ್ಲಿ ರಿಜಿಸ್ಟರು, ತಣ್ಣಗಿನ ಭಾಗದಲ್ಲಿ ಮೆಮೊರಿ ಎಂದು ಭಾಗ ಮಾಡುತ್ತದೆ.

2005ರ ಆಸುಪಾಸಿನಲ್ಲಿ ಯುರೋಪು, ಅಮೆರಿಕಗಳ ಹಲವು ಸಂಶೋಧಕರು ಸರಿಸುಮಾರು ಒಂದೇ ಕಾಲಕ್ಕೆ ಒಂದು ವಿಷಯ ಗಮನಿಸಿದರು. ಆಧುನಿಕ ಕಂಪೈಲರುಗಳು ಪ್ರೋಗ್ರಾಮನ್ನು ಎಸ್‌ಎಸ್‌ಎ ಎಂಬ ರೂಪಕ್ಕೆ ತರುತ್ತವೆ. ಅದರಲ್ಲಿ ಪ್ರತಿ ಹೆಸರಿಗೂ ಒಂದೇ ಸಲ ಮೌಲ್ಯ ಕೊಡಲಾಗುತ್ತದೆ. ಆ ರೂಪದಲ್ಲಿ ಹುಟ್ಟುವ ಗ್ರಾಫುಗಳೆಲ್ಲ ಒಂದು ಸೌಮ್ಯ ಜಾತಿಯವು, ಅವಕ್ಕೆ ಬೇಕಾದಷ್ಟೇ ಬಣ್ಣಗಳಲ್ಲಿ ಬಣ್ಣ ಹಚ್ಚುವುದು ಸಲೀಸು. ಒಂದೇ ಘಳಿಗೆಯಲ್ಲಿ ಅತಿ ಹೆಚ್ಚೆಂದರೆ ಎಷ್ಟು ಮೌಲ್ಯ ಬದುಕಿವೆಯೋ ಅಷ್ಟೇ ರಿಜಿಸ್ಟರ್ ಸಾಕು. ಚೈಟಿನ್ ತೋರಿಸಿದ ಕಠಿಣತೆ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಬಣ್ಣ ಹಚ್ಚುವಲ್ಲಿಂದ ಎದ್ದು, ಯಾರನ್ನು ಮೆಮೊರಿಗೆ ಕಳಿಸಬೇಕು, ಎಸ್‌ಎಸ್‌ಎ ರೂಪ ಬಿಡುವಾಗ ಹುಟ್ಟುವ ನಕಲುಗಳನ್ನು ಹೇಗೆ ಅಳಿಸಬೇಕು ಎಂಬ ಪ್ರಶ್ನೆಗಳಲ್ಲಿ ಹೋಗಿ ಕೂತಿತು. ಬೆಸ್ಟ್ 1950ರ ದಶಕದಲ್ಲಿ ಹಿಡಿದಿದ್ದ ಎಳೆಯೇ ಮತ್ತೆ ಕೈಗೆ ಬಂದಿತ್ತು. ಬಣ್ಣದ ಚಿತ್ರ ಅಷ್ಟು ಚೆಂದವಾಗಿದ್ದರಿಂದಲೋ ಏನೋ, ಪಠ್ಯಪುಸ್ತಕಗಳ ಮುಖ್ಯ ಪುಟಗಳನ್ನು ಅದೇ ತುಂಬಿತು. ಸ್ಪಿಲ್‌ಗೆ ಸಿಕ್ಕಿದ್ದು ಕೊನೆಯ ಒಂದೆರಡು ಪ್ಯಾರಾ. ಕಾಲೇಜಿನ ಹುಡುಗ ಹುಡುಗಿಯರಿಗೆ ಈ ಪಾಠ ಹೇಳುವವರು ಅನುಪಾತವನ್ನು ತಿರುಗಿಸಿದರೆ ಒಳ್ಳೆಯದು. ನಮ್ಮ ವಿದ್ಯಾರ್ಥಿಗಳಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಯಾರಿಗಾದರೂ ಉಚಿತ.

ಕಾಗದದ ಮೇಲಿನ ಸಮಸ್ಯೆಗಿಂತ ನಿಜವಾದ ಪ್ರೊಸೆಸರ್ ಇನ್ನಷ್ಟು ರಗಳೆಯದು. ಇಂಟೆಲ್ ಮಾದರಿಯ ಯಂತ್ರದಲ್ಲಿ ಸಾಮಾನ್ಯ ಭಾಗಾಕಾರದ ಆದೇಶಕ್ಕೆ ಆರ್‌ಎಎಕ್ಸ್, ಆರ್‌ಡಿಎಕ್ಸ್ ಎಂಬ ಎರಡು ರಿಜಿಸ್ಟರೇ ಆಗಬೇಕು. ಭಾಗಲಬ್ಧ ಮೊದಲನೆಯದರಲ್ಲಿ, ಶೇಷ ಎರಡನೆಯದರಲ್ಲಿ ಬರುತ್ತದೆ. ಆ ಹೊತ್ತಿಗೆ ಅಲ್ಲಿ ಬೇರೆ ಯಾವುದಿದ್ದರೂ ಎದ್ದು ಜಾಗ ಬಿಡಬೇಕು. ಲಿನಕ್ಸಿನಲ್ಲಿ ಒಂದು ಫಂಕ್ಷನ್ ಇನ್ನೊಂದನ್ನು ಕರೆಯುವಾಗ ಮೊದಲ ಆರು ಪೂರ್ಣಾಂಕಗಳು ಇಂತಿಂಥ ಆರು ರಿಜಿಸ್ಟರುಗಳಲ್ಲೇ ಹೋಗಬೇಕೆಂಬ ಒಪ್ಪಂದವಿದೆ. ಕರೆಸಿಕೊಂಡ ಫಂಕ್ಷನ್ ಕೆಲವು ರಿಜಿಸ್ಟರುಗಳನ್ನು ಮಾತ್ರ ಮೊದಲಿದ್ದಂತೆ ಉಳಿಸಿ ಕೊಡುತ್ತದೆ, ಉಳಿದವುಗಳಲ್ಲಿ ಇದ್ದದ್ದು ಹೋಯಿತೆಂದೇ ಲೆಕ್ಕ. ಹೀಗಾಗಿ ಕರೆಯ ಈಚೆಯಲ್ಲಿ ಹುಟ್ಟಿ ಆಚೆಯಲ್ಲಿ ಬಳಕೆಯಾಗುವ ಮೌಲ್ಯಗಳಿಗೆ ನಿಜವಾಗಿ ಸಿಗುವ ಜಾಗ ಐದಾರು ಮಾತ್ರ.

ಹಾಗಾದರೆ ರಿಜಿಸ್ಟರುಗಳನ್ನೇ ಹೆಚ್ಚಿಸಬಾರದೇ? ಹೆಚ್ಚಿಸುತ್ತಲೂ ಬಂದಿದ್ದಾರೆ. 32 ಬಿಟ್ ಕಾಲದ ಇಂಟೆಲ್ ಪ್ರೊಸೆಸರಿನಲ್ಲಿ 8 ಇದ್ದವು. 2003ರಲ್ಲಿ ಎಎಂಡಿ ತನ್ನ 64 ಬಿಟ್ ಪ್ರೊಸೆಸರಿನಲ್ಲಿ 16 ಮಾಡಿತು. ಫೋನುಗಳಲ್ಲಿರುವ 64 ಬಿಟ್ ಆರ್ಮ್ ಪ್ರೊಸೆಸರಿನಲ್ಲಿ 31 ಇವೆ. ಇಂಟೆಲ್ 2023ರಲ್ಲಿ ಎಪಿಎಕ್ಸ್ ಎಂಬ ವಿಸ್ತರಣೆಯಲ್ಲಿ 32ಕ್ಕೆ ಏರಿಸುವುದಾಗಿ ಪ್ರಕಟಿಸಿತು; ಇದರಿಂದ ಮೆಮೊರಿಯಿಂದ ಓದುವುದು ಶೇ 10ರಷ್ಟು, ಮೆಮೊರಿಗೆ ಬರೆಯುವುದು ಶೇ 20ಕ್ಕೂ ಹೆಚ್ಚು ತಗ್ಗುತ್ತದೆಂಬುದು ಕಂಪನಿಯ ಲೆಕ್ಕ. ಆದರೆ ಪ್ರತಿ ಆದೇಶದಲ್ಲೂ ಯಾವ ರಿಜಿಸ್ಟರ್ ಎಂದು ಬರೆದಿರಬೇಕಲ್ಲ. 32ರಲ್ಲಿ ಒಂದನ್ನು ಹೆಸರಿಸಲು 5 ಬಿಟ್ ಬೇಕು. ಮೂರು ರಿಜಿಸ್ಟರುಗಳ ಆದೇಶಕ್ಕೆ 15 ಬಿಟ್ ಹೋಯಿತು, ಆರ್ಮ್ ಯಂತ್ರದ ಇಡೀ ಆದೇಶವೇ 32 ಬಿಟ್. ರಿಜಿಸ್ಟರನ್ನು ಇಮ್ಮಡಿಸಿದಾಗಲೆಲ್ಲ ಈ ಖರ್ಚು ಏರುತ್ತದೆ. ಹಾರ್ಡ್‌ವೇರಿನ ಒಳಗೆ ಬೇರೆಯದೇ ವ್ಯವಸ್ಥೆಯಿದೆ: 2015ರ ಇಂಟೆಲ್ ಸ್ಕೈಲೇಕ್‌ನಲ್ಲಿ ಪೂರ್ಣಾಂಕಕ್ಕೆಂದೇ 180 ಭೌತಿಕ ರಿಜಿಸ್ಟರುಗಳಿವೆ. ಆದೇಶಗಳನ್ನು ಹಿಂದುಮುಂದಾಗಿ ನಡೆಸಲು ಪ್ರೊಸೆಸರ್ ಅವನ್ನು ಗುಟ್ಟಾಗಿ ಬಳಸಿಕೊಳ್ಳುತ್ತದೆ. ಕಂಪೈಲರಿಗೆ ಅವನ್ನು ಹೆಸರಿಟ್ಟು ಕರೆಯುವ ಅವಕಾಶವಿಲ್ಲ. ಕಂಪೈಲರ್ ಒಂದು ಮೌಲ್ಯವನ್ನು ಮೆಮೊರಿಗೆ ಬರೆ ಎಂದರೆ, ಒಳಗೆ ನೂರು ರಿಜಿಸ್ಟರ್ ಖಾಲಿಯಿದ್ದರೂ ಪ್ರೊಸೆಸರ್ ಬರೆಯುತ್ತದೆ.

ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಓಡಿಸುವ ಗ್ರಾಫಿಕ್ಸ್ ಪ್ರೊಸೆಸರುಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಎನ್ವಿಡಿಯಾದ ಎ100 ಚಿಪ್ಪಿನ ಪ್ರತಿ ಗಣನ ಘಟಕದಲ್ಲಿ 65,536 ರಿಜಿಸ್ಟರುಗಳಿವೆ, ಅವನ್ನು ಏಕಕಾಲಕ್ಕೆ 2,048 ಥ್ರೆಡ್‌ಗಳವರೆಗೆ, ಅಂದರೆ ಜೊತೆಜೊತೆಗೆ ನಡೆಯುವ ಅಷ್ಟು ಕೆಲಸದ ಎಳೆಗಳವರೆಗೆ, ಹಂಚಿಕೊಳ್ಳಬಹುದು. ಎಲ್ಲರೂ ಬಂದರೆ ತಲಾ 32. ಒಂದು ಥ್ರೆಡ್ಡಿಗೆ 64 ಬೇಕೆಂದು ಕಂಪೈಲರ್ ನಿರ್ಧರಿಸಿದರೆ ಒಳಗೆ ಬರಬಲ್ಲ ಥ್ರೆಡ್‌ಗಳು 1,024ಕ್ಕೆ ಇಳಿಯುತ್ತವೆ. ಈ ಚಿಪ್ಪುಗಳು ಮೆಮೊರಿಯ ನಿಧಾನವನ್ನು ಮರೆಮಾಚುವುದೇ ಥ್ರೆಡ್‌ಗಳ ಸಂಖ್ಯೆಯಿಂದ: ಒಂದು ಕಾಯುವಾಗ ಇನ್ನೊಂದು ದುಡಿಯುತ್ತದೆ. ಅಲ್ಲಿ ಒಂದು ಮೌಲ್ಯವನ್ನು ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುವುದೂ ದುಬಾರಿಯಾಗಬಹುದು, ಹೊರಗೆ ಕಳಿಸುವುದೇ ಲಾಭವಾಗಬಹುದು. ಅದಕ್ಕೆಂದೇ ಎನ್ವಿಡಿಯಾ ಕಂಪೈಲರಿನಲ್ಲಿ, ಒಂದು ಥ್ರೆಡ್ಡಿಗೆ ಹೆಚ್ಚೆಂದರೆ ಇಷ್ಟೇ ರಿಜಿಸ್ಟರ್ ಎಂದು ಮಿತಿ ಹಾಕುವ ಆಯ್ಕೆಯನ್ನು ಪ್ರೋಗ್ರಾಮರ್ ಕೈಗೆ ಕೊಟ್ಟಿದ್ದಾರೆ. ಸಿ++ ಕೈಬಿಟ್ಟ ಮನುಷ್ಯನ ಸೂಚನೆ ಇಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಮಿತಿಯನ್ನು 32ಕ್ಕೆ ಇಡಬೇಕೋ, 64ಕ್ಕೋ, 128ಕ್ಕೋ ಎಂಬುದನ್ನು ಎಂಜಿನಿಯರುಗಳು ಇಂದಿಗೂ ಒಂದೊಂದನ್ನೇ ಓಡಿಸಿ, ಗಡಿಯಾರ ನೋಡಿ ತೀರ್ಮಾನಿಸುತ್ತಾರೆ.